ಏರಿಯ ಮೇಲೆ ಬಿಚ್ಚಿದ ಬುತ್ತಿ

ನಮ್ಮ ದೊಡ್ಡಮ್ಮನಿಗೆ ಪ್ರವಾಸ ಎಂದರೆ ಒಂದು ಗ್ಯಾಸ್ ಸ್ಟೌ, ಎರಡು ದಬರಿ, ಈಳಿಗೆಮಣೆ, ಮಡಿಸಿಟ್ಟ ಜಮಖಾನ. ಹದಿನಾಲ್ಕು ಜನ ಹತ್ತುವ ಮೊದಲೇ ಇವೆಲ್ಲ ಟೆಂಪೋ ಟ್ರಾವೆಲರಿನ ಡಿಕ್ಕಿ ಸೇರಿರುತ್ತವೆ. ಅಮೆರಿಕದಲ್ಲಿ ಕೆಲವರು ಮನೆಗೇ ಗಾಲಿ ಕಟ್ಟಿಕೊಂಡು ಗುಂಪಾಗಿ ತಿರುಗುತ್ತಾರೆ. ನಾವು ಅಡುಗೆಮನೆಯಷ್ಟನ್ನು ಹೊತ್ತುಕೊಂಡು ಹೊರಡುತ್ತೇವೆ. ಪ್ರತಿ ಸಲವೂ ಧರ್ಮಸ್ಥಳ, ಶೃಂಗೇರಿ, ಇಲ್ಲವೇ ಗೋಕರ್ಣ. ತುಮಕೂರು, ಗುಬ್ಬಿ, ಕುಣಿಗಲ್ ನಮಗೆ ದಾಟಿ ಹೋಗುವ ಊರುಗಳಾಗಿಯೇ ಉಳಿದಿದ್ದವು. ಈ ಸಲ ಭಾವನವರು ಪಟ್ಟು ಹಿಡಿದರು: "ಎರಡು ದಿನ, ಈ ಮೂರೇ ಊರು. ಕೆರೆ ಕಂಡ ಕಡೆ ನಿಲ್ಲೋದು."

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಂತೆವು. ಸ್ಟ್ಯಾಂಡಿನಿಂದ ತಟ್ಟೆ ಎಳೆದು, ಅಂಚಿಗೆ ಚಮಚ ಆಡಿಸಿ, ಎಲೆಯ ಮೇಲೆ ಮಗುಚಿದರೆ ಅಂಗೈಯಗಲದ ಇಡ್ಲಿ ಹಬೆಯಾಡುತ್ತಾ ಬೀಳುತ್ತದೆ. ಮೇಲೆ ಇಟ್ಟ ಬೆಣ್ಣೆ ಚಟ್ನಿ ಬರುವುದರೊಳಗೆ ಅರ್ಧ ಕರಗಿರುತ್ತದೆ. ದೊಡ್ಡಮ್ಮನೂ ಆವತ್ತು ಸ್ಟೌ ಇಳಿಸುವ ಮಾತೆತ್ತಲಿಲ್ಲ.

ತುಮಕೂರಿನ ಅಮಾನಿಕೆರೆಯ ಹೆಸರಿನಲ್ಲೇ ಒಂದು ಇತಿಹಾಸವಿದೆ. ಗುತ್ತಿಗೆಗೆ ಕೊಡದೆ ಸರ್ಕಾರವೇ ನೇರವಾಗಿ ನೋಡಿಕೊಳ್ಳುವುದಕ್ಕೆ ಅಮಾನಿ ಎನ್ನುವುದು ಹಳೆಯ ಕಂದಾಯದ ಮಾತು. ಈಗ ದಡದಲ್ಲಿ ಉದ್ಯಾನವಿದೆ, ಗಾಜಿನ ಮನೆಯಿದೆ, ವಾಕಿಂಗ್ ಹಾದಿಯಿದೆ. ಮಕ್ಕಳು ಜಾರುಬಂಡೆ ಬಿಟ್ಟು ಬರಲೊಲ್ಲರು. ಊರಿಗೆ ಇಂಥ ಜಾಗ ಬೇಕೇ ಬೇಕು. ಆದರೂ ಹಾದಿಯುದ್ದಕ್ಕೂ ನಡೆಯುತ್ತಾ ನನಗೆ ಅನಿಸಿತು: ಇಲ್ಲಿ ಕೆರೆ ನೋಡುವುದಕ್ಕಷ್ಟೇ ಇದೆ. ಈ ನಗರ ಕುಡಿಯುವುದು ಹಾಸನ ಜಿಲ್ಲೆಯ ಗೊರೂರಿನಿಂದ ನಾಲೆಯಲ್ಲಿ ಬಂದು ಬುಗುಡನಹಳ್ಳಿ ಕೆರೆಯಲ್ಲಿ ನಿಲ್ಲುವ ಹೇಮಾವತಿಯ ನೀರನ್ನು.

ಗುಬ್ಬಿ ತುಮಕೂರಿನಿಂದ ಇಪ್ಪತ್ತು ಕಿಲೋಮೀಟರ್. ತೆಂಗು, ಅಡಿಕೆ, ಚನ್ನಬಸವೇಶ್ವರಸ್ವಾಮಿ ದೇವಸ್ಥಾನ. ಆ ದೇವರ ಹೆಸರಿನಲ್ಲೇ 1884ರಲ್ಲಿ ನಾಟಕ ಕಂಪನಿ ಹುಟ್ಟಿದ್ದು, ಗುಬ್ಬಿ ವೀರಣ್ಣನವರ ಕೈಯಲ್ಲಿ ಅದು ನಾಡೆಲ್ಲ ತಿರುಗಿದ್ದು. ಪರದೆ, ದೀಪ, ಪೆಟ್ಟಿಗೆಗಟ್ಟಲೆ ವೇಷಭೂಷಣ, ಜೊತೆಗೆ ಕಂಪನಿಯ ಅಡುಗೆ. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದವರು ಅವರು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ ಆ ಕಂಪನಿಯ ಅನ್ನ ಉಂಡು ಬೆಳೆದವರು. ಕೆರೆಯ ಕಡೆ ಜಮಖಾನ ಹಾಸಿ ಚಿತ್ರಾನ್ನ ಬಡಿಸುತ್ತಾ ದೊಡ್ಡಮ್ಮ ಹೇಳಿದಳು: "ನಮ್ಮಪ್ಪ ಗಾಡಿ ಕಟ್ಕೊಂಡು ಹೋಗಿ ಗುಬ್ಬಿ ಕಂಪನಿ ನಾಟಕ ನೋಡಿ ಬರ್ತಿದ್ರು. ಬೆಳಗಾನ ನೋಡಿ, ಗಾಡೀಲೇ ಬುತ್ತಿ ಬಿಚ್ಚೋರು." ನಾವು ದಾಟಿಹೋಗುತ್ತಿದ್ದ ಊರು, ಒಂದು ಕಾಲಕ್ಕೆ ತಾನೇ ಗಂಟುಮೂಟೆ ಕಟ್ಟಿಕೊಂಡು ನಮ್ಮ ಹಿರಿಯರ ಊರುಗಳ ಬಾಗಿಲಿಗೆ ಬಂದಿತ್ತು.

ರಾತ್ರಿ ತುಮಕೂರಿನಲ್ಲಿ ತಂಗಿ, ಬೆಳಗ್ಗೆ ಹೆಬ್ಬೂರು ಮೇಲೆ ಕುಣಿಗಲ್‌ಗೆ ಬಂದೆವು. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿ ಹೆಸರಾದ ಊರು. ನಮಗೆ ಬೇಕಿದ್ದುದು ದೊಡ್ಡಕೆರೆ. ಏರಿ ಹತ್ತುತ್ತಿದ್ದಂತೆ ಅತ್ತೆಯ ಬಾಯಲ್ಲಿ ತಾನಾಗಿಯೇ ಈ ಕೆರೆಯ ಜನಪದ ಹಾಡು ಬಂತು, ದೊಡ್ಡಮ್ಮ ದನಿಗೂಡಿಸಿದಳು. ಹಾಡಿನಿಂದ ನಾಡಿಗೆಲ್ಲ ಗೊತ್ತಿರುವ ಕೆರೆಯನ್ನು ಅವರಿಬ್ಬರೂ ಕಣ್ಣಾರೆ ಕಂಡದ್ದು ಅದೇ ಮೊದಲು. ನೀರು ಕಣ್ಣು ಹಾಯುವವರೆಗೂ ಹರಡಿತ್ತು. ನೀರುಕಾಗೆಗಳು ಮುಳುಗಿ, ಎಲ್ಲೋ ದೂರ ಏಳುತ್ತಿದ್ದವು. ನಾವೆಲ್ಲ ಸಾಲಾಗಿ ನಿಂತು ಫೋಟೋ ತೆಗೆಯುವಾಗ, ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹಿರಿಯರೊಬ್ಬರು ನಿಂತರು.

"ಕೆರೆ ನೋಡಕ್ಕೆ ಬಂದ್ರಾ ಸ್ವಾಮಿ? ಹಂಗಾದ್ರೆ ಈ ಕಡೆ ತಿರುಗ್ಕಳಿ."

ತಿರುಗಿದೆವು. ಏರಿಯ ಕೆಳಗೆ ಅಚ್ಚುಕಟ್ಟು: ಹಸಿರು ಗದ್ದೆ, ಅದರಾಚೆ ತೆಂಗಿನ ತಲೆಗಳು. ಕಾಲುವೆಯಲ್ಲಿ ನೀರು ಹರಿಯುವ ಸದ್ದು ಮಾತ್ರ ಕೇಳುತ್ತಿತ್ತು. ತೂಬು ಎತ್ತಿದರೆ ಯಾವ ಬಯಲಿಗೆ ನೀರು ಮೊದಲು, ಕೋಡಿ ಬಿದ್ದರೆ ಯಾವ ಕಡೆ ಹರಿಯುತ್ತದೆ, ಹೊರೆ ಇಳಿಸದೆಯೇ ಅವರು ಬೆರಳು ಚಾಚಿ ತೋರಿಸಿದರು. "ನಾಲೆ ನೀರು ಬಂದ್ರೆ ಬಂತು. ಮಳೆ ಚೆನ್ನಾಗಾಗಿ ಕೋಡಿ ಬಿದ್ರೆ ಮಾತ್ರ ನಮಗೆ ಹಬ್ಬ" ಎಂದರು. ಅರ್ಧಗಂಟೆ ನಾವು ನೀರಿಗೆ ಬೆನ್ನು ಹಾಕಿಯೇ ನಿಂತಿದ್ದೆವು. ನಾನು ಕೆರೆಯನ್ನು ಸರಿಯಾಗಿ ನೋಡಿದ್ದು ಆ ಅರ್ಧಗಂಟೆಯಲ್ಲೇ.

ಏರಿಯ ಮೇಲೆಯೇ ಬುತ್ತಿ ಬಿಚ್ಚಿ ಉಂಡೆವು. ಉಂಡ ಎಲೆ, ಲೋಟ, ಬಾಟಲಿ ಒಂದನ್ನೂ ಬಿಡದೆ ದೊಡ್ಡಮ್ಮ ಚೀಲಕ್ಕೆ ತುಂಬಿಸಿದಳು. ಬೇರೆಯವರು ಬಿಟ್ಟುಹೋಗಿದ್ದನ್ನೂ ಮಕ್ಕಳ ಕೈಲಿ ಆಯಿಸಿದಳು.

ಮುಂದಿನ ಸಲ ನೀವು ಮಂಗಳೂರಿಗೋ ಹಾಸನಕ್ಕೋ ಹೊರಟಾಗ ಕುಣಿಗಲ್ ಬೈಪಾಸಿನಲ್ಲಿ ನೇರ ಹೋಗಿಬಿಡಬೇಡಿ. ಗಾಡಿ ಊರೊಳಗೆ ತಿರುಗಿಸಿ. ಏರಿ ಹತ್ತಿ, ಗದ್ದೆ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಲ್ಲಿ.