ಕ್ಷುದ್ರರೋಗವೆಂದು ನಕ್ಕವರ ಮಾತು

ಯೌವನದಲ್ಲಿ ಮೊಡವೆಯೇಳುವುದು ಹೊಸ ಮಾತಲ್ಲ. ಸುಶ್ರುತಸಂಹಿತೆಯು ಇದನ್ನು ‘ಮುಖದೂಷಿಕಾ’ ಎಂದು ಕರೆದು, ಬೂರುಗದ ಮುಳ್ಳಿಗೆ ಹೋಲಿಸಿ, ಕ್ಷುದ್ರರೋಗಗಳ ಸಾಲಿನಲ್ಲಿಟ್ಟಿದೆ. ಆ ‘ಕ್ಷುದ್ರ’ವೆಂಬ ಪದವನ್ನೇ ಹಿಡಿದು ನಾವು ಮೂವತ್ತು ವರ್ಷ ಪಾಠಶಾಲೆಯ ಹುಡುಗರನ್ನು ನಗೆಯಾಡಿದೆವು, ನಮ್ಮ ಕಿರಿಯ ಮಗಳಿಗೂ “ವಯಸ್ಸಿನ ಗುಣವಮ್ಮಾ, ತಾನೇ ಹೋದೀತು” ಎಂದು ಎರಡು ವರ್ಷ ಹೇಳುತ್ತ ಬಂದೆವು.

ಕಡಲೆಹಿಟ್ಟು, ಅರಿಸಿನ, ಗಂಧಗಳಾದುವು. ನೆರೆಯವರು ಕೊಟ್ಟ ಸ್ಟೀರಾಯ್ಡ್ ಮುಲಾಮಿನಿಂದ ಮುಖವು ಮತ್ತಷ್ಟು ಕೆಂಡವಾಯಿತು. ವೈದ್ಯರ ಲೇಪ, ಗುಳಿಗೆಗಳೂ ಸಾಲಲಿಲ್ಲ. ಒಂದು ಬೆಳಗಿನ ಜಾವ ಅವಳು ಗೋಡೆಗೊರಗಿ ಕುಳಿತೇ ನಿದ್ರಿಸುತ್ತಿರುವುದನ್ನು ಕಂಡೆವು. ಕೇಳಿದರೆ, “ಕೆನ್ನೆಗೆ ದಿಂಬು ತಗುಲಿದರೆ ನೋಯುತ್ತದಪ್ಪ” ಎಂದಳು. ಕ್ಷುದ್ರವೆಂದ ನಮ್ಮ ನಾಲಗೆ ಅಂದು ಒಣಗಿತು.

ಚರ್ಮವೈದ್ಯರು ಐಸೊಟ್ರೆಟಿನಾಯಿನ್ ಎಂಬ ಔಷಧವನ್ನು ಸೂಚಿಸಿದರು. ಇದು ‘ಎ’ ಜೀವಸತ್ತ್ವದ ಬಳಗದ್ದು. 1982ರಲ್ಲಿ ಅಮೆರಿಕದಲ್ಲಿ ತೀವ್ರ ಮೊಡವೆಗೆ ಅನುಮತಿ ಪಡೆಯಿತು. ಚರ್ಮದ ಜಿಡ್ಡಿನ ಗ್ರಂಥಿಗಳನ್ನು ಕುಗ್ಗಿಸಿ ಮೂಲವನ್ನೇ ಹಿಡಿಯುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳ ಸೇವನೆ. ಅನೇಕರಿಗೆ ಬಹುಕಾಲ ನೆಮ್ಮದಿ, ಕೆಲವರಿಗೆ ಮರುಕಳಿಸುವುದುಂಟು. ಹೊಸ ಗುಳಿಗಳು ಬೀಳದಂತೆ ತಡೆದೀತೇ ಹೊರತು ಬಿದ್ದ ಗುಳಿಗಳನ್ನು ತುಂಬಲಾರದು.

ಇನ್ನು ತಕ್ಕಡಿಯ ಮತ್ತೊಂದು ತಟ್ಟೆ. ತುಟಿ ಒಡೆಯುವುದು ಹೆಚ್ಚುಕಡಿಮೆ ಎಲ್ಲರಿಗೂ ತಪ್ಪದು. ಕಣ್ಣು ಮೂಗುಗಳು ಒಣಗುತ್ತವೆ. ಮೊದಲ ವಾರಗಳಲ್ಲಿ ಮೊಡವೆ ಉಲ್ಬಣಿಸಲೂಬಹುದು. ರಕ್ತದ ಕೊಬ್ಬು ಏರಬಹುದು, ಯಕೃತ್ತಿಗೆ ತೊಂದರೆಯಾಗಬಹುದು; ಆದ್ದರಿಂದ ರಕ್ತಪರೀಕ್ಷೆ ಬೇಕು. ಮನಸ್ಸು ಕುಗ್ಗಿದ ವರದಿಗಳಿವೆ. ಔಷಧವೇ ಕಾರಣವೆಂಬುದು ಸಿದ್ಧವಾಗಿಲ್ಲವಾದರೂ ಮನೆಯವರು ಕಣ್ಣಿಟ್ಟಿರಬೇಕು.

ಆಮೇಲೆ ವೈದ್ಯರು ಮಗಳೊಡನೆ ಏಕಾಂತದಲ್ಲಿ ಮಾತಾಡಬೇಕೆಂದು ನಮ್ಮನ್ನು ಹೊರಗೆ ಕಳುಹಿಸಿದರು. ಗರ್ಭಪರೀಕ್ಷೆಯ ಮಾತೆಂದು ತಿಳಿದಾಗ, ಅವಿವಾಹಿತೆಯನ್ನು ಹೀಗೆ ಕೇಳುವುದುಂಟೇ ಎಂದು ನಾವು ಸಿಡುಕಿದೆವು. “ಮೇಷ್ಟ್ರೇ, ಇದು ನಡತೆಯ ಪ್ರಶ್ನೆಯಲ್ಲ, ಔಷಧದ ಗುಣದ ಪ್ರಶ್ನೆ” ಎಂದರು ಅವರು. ಗರ್ಭಿಣಿಯು ಸ್ವಲ್ಪಕಾಲ ಸೇವಿಸಿದರೂ ಶಿಶುವಿನ ಮಿದುಳು, ಹೃದಯ, ಕಿವಿಗಳು ವಿಕಲವಾಗಬಹುದು. ಸೇವನೆಯ ಮುನ್ನ ಒಂದು ತಿಂಗಳು, ಸೇವಿಸುವಷ್ಟು ಕಾಲ, ನಿಲ್ಲಿಸಿದ ಮೇಲೆ ಒಂದು ತಿಂಗಳು ಗರ್ಭ ನಿಲ್ಲಬಾರದು. ಆ ಅವಧಿ ಮುಗಿಯುವವರೆಗೆ ರಕ್ತದಾನವನ್ನೂ ಮಾಡಬಾರದು.

ಆಗ ಮಗಳಿಗೆ ಒಂದು ಸಂಬಂಧ ಕೂಡಿಬಂದಿತ್ತು. ಶ್ರಾವಣದಲ್ಲೇ ಲಗ್ನವೆಂದು ವರನ ಕಡೆಯವರ ಆತುರ. ಬಂಧುಗಳೊಬ್ಬರು “ಹೇಳದೆ ಗುಳಿಗೆ ಕೊಡಿ, ಮುಖ ತಿಳಿಯಾದೀತು” ಎಂದರು. ನಮಗೂ ಒಂದು ರಾತ್ರಿ ಅದು ಸರಿಯೆಂದೇ ತೋರಿತೆಂದು ನಾಚಿಕೆಯಿಂದ ಬರೆಯುತ್ತೇವೆ. ಬೆಳಿಗ್ಗೆ ಮಗಳು, “ಅಪ್ಪ, ನನಗೆ ಬೇಕಾದದ್ದು ನೋವಿಲ್ಲದ ಮುಖ. ಅದಕ್ಕಾಗಿ ಸುಳ್ಳು ಬೇಡ” ಎಂದಳು. ಇದ್ದುದನ್ನು ಇದ್ದಂತೆ ಬರೆದು, ಮಾಘದವರೆಗೆ ಕಾಯಬೇಕೆಂದು ಕೇಳಿಕೊಂಡೆವು. ಅವರು ಕಾಯಲೊಪ್ಪಲಿಲ್ಲ. ಮಗಳ ತಾಯಿ ಎರಡು ದಿನ ಅತ್ತಳು, ಮಗಳು ಅಳಲಿಲ್ಲ.

ಈಗ ನಾಲ್ಕನೆಯ ತಿಂಗಳು. ತುಟಿ ಒಡೆದಿದೆ, ಗಂಟುಗಳು ಇಳಿದಿವೆ, ಕಲೆಗಳಿವೆ. ಸಾಮಾನ್ಯ ಮೊಡವೆಗೆ ಈ ಬ್ರಹ್ಮಾಸ್ತ್ರ ಬೇಡ; ಮಿಕ್ಕ ಮದ್ದಿಗೆ ಬಗ್ಗದ, ಗುಳಿ ಬೀಳಿಸುವ ಮೊಡವೆಗೆ ಭಯದಿಂದ ಇದನ್ನು ನಿರಾಕರಿಸುವುದೂ ವಿವೇಕವಲ್ಲ. ಚೀಟಿಯಿಲ್ಲದೆ ಕೊಳ್ಳುವುದು, ಒಬ್ಬರ ಗುಳಿಗೆಯನ್ನು ಮತ್ತೊಬ್ಬರಿಗೆ ಕೊಡುವುದು ಸರ್ವಥಾ ಕೂಡದು. ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ತೂಗುವ ಮುನ್ನ ನೋವುಂಡವರನ್ನು ಕೇಳಿರಿ; ನಾವು ಎರಡು ವರ್ಷ ಕೇಳಲಿಲ್ಲ. ನಿನ್ನೆ ರಾತ್ರಿ ದೀಪವಾರಿಸಲು ಹೋದಾಗ ಅವಳು ದಿಂಬಿಗೆ ಕೆನ್ನೆಯಿಟ್ಟು ಮಗ್ಗುಲಾಗಿ ಮಲಗಿದ್ದಳು.