ಕಾಲು ಟನ್ನಿನ ಟ್ರಕ್ಕು

ಮೊದಲೇ ಹೇಳಿಬಿಡ್ತೀವಿ, ನಾವು ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್. ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಹತ್ತನೇ ಕ್ಲಾಸಿನ ಪ್ರಬಂಧ ಆದ್ಮೇಲೆ ಇದೇ ಮೊದಲು. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಕಳೆದ ಡಿಸೆಂಬರಿನಲ್ಲಿ ಎಕ್ಸಾಮ್ ಮುಗಿಸಿ ಶನಿವಾರಸಂತೆಗೆ ಹೋಗಿದ್ವಿ. ನಮ್ಮಲ್ಲೊಬ್ಬನ ಅಜ್ಜನ ಕಾಫಿ ತೋಟ ಅಲ್ಲಿದೆ. ಉತ್ತರ ಕೊಡಗಿನ ಸಣ್ಣ ಊರು, ಶನಿವಾರ ಸಂತೆ ಸೇರೋದ್ರಿಂದ ಆ ಹೆಸರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ 1899ರಲ್ಲಿ ಹುಟ್ಟಿದ್ದು ಇಲ್ಲೇ. ಮನೆಯಲ್ಲಿ ನಾವು ಹೇಳಿದ್ದು ಮಲ್ಲಳ್ಳಿ ಫಾಲ್ಸ್ ನೋಡೋಕೆ ಅಂತ. ನಿಜವಾದ ಕಾರಣ ಬೇರೆ. ಅಜ್ಜನ ಜೀಪು ನಿಂತುಹೋಗಿ ಮೂರು ತಿಂಗಳಾಗಿತ್ತು. ಯುಗಾದಿಯೊಳಗೆ ರಿಪೇರಿ ಆಗದಿದ್ದರೆ ಮಾರೋದು ಅಂತ ಗೆಳೆಯನ ಅಪ್ಪ ಹೇಳಿಬಿಟ್ಟಿದ್ರು. ಬೆಂಗಳೂರಿನವರೊಬ್ಬರು ಬಂದು ರೇಟೂ ಮಾತಾಡಿ ಹೋಗಿದ್ರು.

ಜೀಪು ಅಂದ್ರೆ ಈಗಿನ ಥಾರ್ ಅಲ್ಲ, 1944ರ ವಿಲ್ಲೀಸ್. ಎರಡನೇ ಮಹಾಯುದ್ಧಕ್ಕೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಒಂದೇ ಡಿಸೈನಿನಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಾಡಿದ ಗಾಡಿ. ನಾವು ಅದನ್ನ ಕಾರಿನ ಜಾತಿ ಅಂದ್ಕೊಂಡಿದ್ವಿ. ಆದ್ರೆ ಅಮೆರಿಕದ ಸೈನ್ಯ ಅದಕ್ಕೆ ಕೊಟ್ಟ ಹೆಸರೇ 'ಟ್ರಕ್, ಕಾಲು ಟನ್, ಫೋರ್ ಬೈ ಫೋರ್'. ಅಜ್ಜನ ಮನೆಯಲ್ಲಿ ಅದು ಮಾಡ್ತಿದ್ದ ಕೆಲಸವೂ ಟ್ರಕ್ಕಿನದೇ. ಕಾಫಿ ಮೂಟೆ, ಗೊಬ್ಬರ, ಶುಂಠಿ, ಮಳೆಗಾಲದಲ್ಲಿ ಆಸ್ಪತ್ರೆಗೆ ಹೋಗೋ ಬಸುರಿಯರು.

ನಮಗೆ ಭಾರಿ ಕಾನ್ಫಿಡೆನ್ಸ್ ಇತ್ತು. ನಾಲ್ಕು ಸಿಲಿಂಡರ್, 2.2 ಲೀಟರ್, 60 ಹಾರ್ಸ್‌ಪವರ್. ಆಟೋ ಸೈಕಲ್ಲಿನ ಪಿ-ವಿ ಡಯಾಗ್ರಾಮ್ ನಿದ್ದೆಯಲ್ಲೂ ಬರೀತೀವಿ. ಆದ್ರೆ ಮೊದಲ ಬೋಲ್ಟಿಗೇ ಮರ್ಯಾದೆ ಹೋಯ್ತು. ನಾವು ತಂದಿದ್ದು ಮಿಲಿಮೀಟರ್ ಸ್ಪ್ಯಾನರ್ ಸೆಟ್ಟು, ಗಾಡಿ ಪೂರ್ತಿ ಇಂಚಿನ ಲೆಕ್ಕ. ಅರ್ಧ ಇಂಚು ಅಂದ್ರೆ 12.7 ಮಿಲಿಮೀಟರ್. ನಮ್ಮ 13 ಹಾಕಿದ್ರೆ ಕೂರುತ್ತೆ, ಬಲ ಹಾಕಿದ್ರೆ ಜಾರುತ್ತೆ. "ಆ 0.3 ಬೋಲ್ಟಿನ ಮೂಲೆ ತಿಂದ್ಬಿಡುತ್ತೆ ಕಣ್ರೋ" ಅಂತ ಅಜ್ಜ ತಮ್ಮ ಡಬ್ಬ ತಂದ್ರು. ಟಾಲರೆನ್ಸ್ ಅಂದ್ರೇನು ಅಂತ ಅವತ್ತು ಗೊತ್ತಾಯ್ತು.

ಸ್ಪಾರ್ಕ್ ಪ್ಲಗ್ ಬಿಚ್ಚಿ ಬ್ಲಾಕಿಗೆ ತಾಗಿಸಿ ನೋಡಿದ್ವಿ, ಕಿಡಿ ಬರ್ತಿತ್ತು. ಕಾರ್ಬುರೇಟರಿಗೆ ಪೆಟ್ರೋಲ್ ಬರ್ತಿರಲಿಲ್ಲ. ಫ್ಯೂಯಲ್ ಪಂಪ್ ಬಿಚ್ಚಿದ್ರೆ ಒಳಗಿನ ಡಯಾಫ್ರಮ್ ಸೀಳಿಹೋಗಿತ್ತು. ಅಂಗೈಗಿಂತ ಚಿಕ್ಕದಾದ ರಬ್ಬರ್ ಬಟ್ಟೆ ಅದು. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್‌ವರೆಗೂ ಎಥನಾಲ್ ಇದೆ, ಆ ಕಾಲದ ರಬ್ಬರಿಗೆ ಎಥನಾಲ್ ಆಗಿಬರಲ್ಲ. ಉಬ್ಬುತ್ತೆ, ಆಮೇಲೆ ಬಿರಿಯುತ್ತೆ.

ಪಂಪ್ ಬಿಚ್ಚುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ವಿಲ್ಲೀಸ್ ಜೀಪಿನಲ್ಲಿ ಕೆಲವು ಬೋಲ್ಟುಗಳ ತಲೆ ಮೇಲೆ 'ಎಫ್' ಅಕ್ಷರ. ಫೋರ್ಡ್ ತನ್ನ ಬೋಲ್ಟುಗಳಿಗೆ ಹಾಕ್ತಿದ್ದ ಗುರುತು ಅದು. ಕೇಳಿದ್ದಕ್ಕೆ ಅಜ್ಜ ಒಂದೊಂದನ್ನೇ ಮುಟ್ಟಿ ಹೇಳ್ತಾ ಹೋದ್ರು. ಇದು ಕೊಡ್ಲಿಪೇಟೆಯವರ ಗಾಡೀದು. ರೇಡಿಯೇಟರ್ ಸಕಲೇಶಪುರದ ಕಡೆಯವರು ಕೊಟ್ಟಿದ್ದು, ಅವರ ಜೀಪಿನ ಮೇಲೆ ಮರ ಬಿದ್ದಾಗ. "ನಮ್ಮ ಹಳೇ ಗೇರ್‌ಬಾಕ್ಸ್ ಈಗ್ಲೂ ಸೋಮವಾರಪೇಟೆ ಕಡೆ ಓಡ್ತಾ ಐತೆ." ಕಂಪನಿ ಮಾಡೋದು ನಿಲ್ಲಿಸಿದ ಗಾಡಿಯನ್ನ ಇಷ್ಟು ವರ್ಷ ಓಡಿಸಿದ್ದು ಅಜ್ಜ ಒಬ್ಬರೇ ಅಲ್ಲ ಅಂತ ನಮಗೆ ಆಗ ಅರ್ಥ ಆಯ್ತು.

ಮಾರನೇ ದಿನ ಶನಿವಾರ. ಹರಿದ ಡಯಾಫ್ರಮ್ಮನ್ನ ಪೇಪರಲ್ಲಿ ಸುತ್ತಿಕೊಂಡು ಅಜ್ಜನ ಜೊತೆ ಸಂತೆಗೆ ಹೋದ್ವಿ. ಟೀ ಅಂಗಡಿ ಟೇಬಲ್ ಮೇಲೆ ಅದನ್ನ ಬಿಚ್ಚಿಟ್ಟು ಸುಮ್ಮನೆ ಕೂತ್ರು. ಅರ್ಧ ಗಂಟೆಯಲ್ಲಿ ನಾಲ್ಕು ಜನ ಜೀಪಿನವರು ಬಂದು ಎತ್ತಿ ನೋಡಿದ್ರು. ಯಾರ ಹತ್ರಾನೂ ಇರಲಿಲ್ಲ. ಕೊನೆಗೊಬ್ಬರು, "ಇದ್ರೆ ನಿಮ್ಮ ಮೇಲಿನ ತೋಟದವರ ಹತ್ರ ಇರ್ಬೇಕು" ಅಂದ್ರು. ಅಜ್ಜ ಮಾತಾಡಲಿಲ್ಲ. ಮೇಲಿನ ತೋಟದವರಿಗೂ ಇವರಿಗೂ ಬೇಲಿ ಜಗಳ, ಹನ್ನೆರಡು ವರ್ಷದಿಂದ ಮಾತಿಲ್ಲ ಅಂತ ಗೆಳೆಯ ಕಿವಿಯಲ್ಲಿ ಹೇಳಿದ.

ನಾವೇ ಹೋದ್ವಿ. ಅವರು ಬಿಸ್ಕತ್ತಿನ ಡಬ್ಬ ತೆಗೆದ್ರು. ಪೌಡರ್ ಸವರಿ ಇಟ್ಟಿದ್ದ ಎರಡು ಡಯಾಫ್ರಮ್, ಅದರಲ್ಲಿ ಒಂದು ಕೊಟ್ರು. ದುಡ್ಡು ತಗೊಳ್ಳಲಿಲ್ಲ. "ಅವ್ನು ಯಾಕೆ ಬರ್ಲಿಲ್ಲ?" ಅಂತ ಮಾತ್ರ ಕೇಳಿದ್ರು. ನಮಗೆ ಏನ್ ಹೇಳೋದು ಅಂತ ಗೊತ್ತಾಗ್ಲಿಲ್ಲ.

ಸಂಜೆ ನಾವು ಜೋಡಿಸ್ತಾ ಇದ್ದಾಗ ಗೇಟಿನ ಸದ್ದಾಯ್ತು. "ಈ ಹುಡುಗ್ರು ಉಲ್ಟಾ ಹಾಕಿರ್ತಾರೆ" ಅಂತ ಗೊಣಗುತ್ತಾ ಅವರೇ ಬಂದ್ರು. ನಾವು ಉಲ್ಟಾ ಹಾಕಿದ್ದು ನಿಜ. ಇಬ್ಬರು ಅಜ್ಜಂದಿರೂ ಬಾನೆಟ್ಟಿನ ಎರಡು ಕಡೆ ಬಗ್ಗಿದ್ರು. ಬೇಲಿ ಸುದ್ದಿ ಇಲ್ಲ, ಸಾರಿ ಇಲ್ಲ. "ಹೊಡಿ." "ಇನ್ನೊಂದ್ಸಲ." "ಚೋಕ್ ಎಳಿ." ಮೂರನೇ ಸಲಕ್ಕೆ ಜೀಪು ಕೆಮ್ಮಿ ಸ್ಟಾರ್ಟ್ ಆಯ್ತು. ಆಮೇಲೆ ಅಜ್ಜಿ ಕಾಫಿ ತಂದ್ರು, ಅವರು ಕುಡಿದೇ ಹೋದ್ರು.

ರಾತ್ರಿ ಊಟಕ್ಕೆ ಮಾರೋ ಮಾತು ಬಂತು. ನಮ್ಮಲ್ಲೊಬ್ಬ 2021ರ ವಿಂಟೇಜ್ ನಿಯಮ ಓದಿ ಹೇಳಿದ. 50 ವರ್ಷ ದಾಟಿ ಮೂಲ ರೂಪದಲ್ಲೇ ಇರುವ ಸ್ವಂತ ಬಳಕೆಯ ಗಾಡಿಗೆ 'ವಿಎ' ನಂಬರ್ ಸಿಗುತ್ತೆ, ಹೊಸ ರಿಜಿಸ್ಟ್ರೇಷನ್ನಿಗೆ 20,000 ರೂಪಾಯಿ. ಆದ್ರೆ ದಿನಾ ಓಡಿಸೋ ಹಾಗಿಲ್ಲ, ಬಾಡಿಗೆಗೂ ಬಿಡೋ ಹಾಗಿಲ್ಲ. ಅಜ್ಜ ನಕ್ಕರು. "ಹಂಗಾದ್ರೆ ಮೂಟೆ ನೀವ್ ಹೊರ್ತೀರಾ?" ಗೆಳೆಯನ ಅಪ್ಪನೂ ನಕ್ಕರು. ಮಾರಲ್ಲ ಅಂತ ಹೇಳಲಿಲ್ಲ, ಈ ಕೊಯ್ಲು ಮುಗೀಲಿ ನೋಡೋಣ ಅಂದ್ರು.

ನಮಗೆ ತಲೆಬಿಸಿ ಬೇರೆ. ಈಗ ಹಾಕಿರೋದೂ ಹಳೇ ರಬ್ಬರೇ, ಅದನ್ನೂ ಎಥನಾಲ್ ತಿನ್ನುತ್ತೆ. ಬಿಸ್ಕತ್ತಿನ ಡಬ್ಬದಲ್ಲಿ ಉಳಿದಿರೋದು ಒಂದು. ಅದಕ್ಕೇ ಹರಿದ ಡಯಾಫ್ರಮ್ಮಿನ ಅಳತೆಯನ್ನ ಬ್ರೌನ್ ಪೇಪರಲ್ಲಿ ತೆಗೆದು ಹಾಸ್ಟೆಲಿಗೆ ತಂದಿದ್ದೀವಿ. ಫ್ಲೋರೋಕಾರ್ಬನ್ ರಬ್ಬರ್ ಎಥನಾಲನ್ನ ತಡೆಯುತ್ತೆ. ನಡುವೆ ಬಟ್ಟೆ ಇರೋ ತೆಳುವಾದ ಶೀಟ್ ಸಿಕ್ಕಿದ್ರೆ ವರ್ಕ್‌ಶಾಪಿನಲ್ಲಿ ಹತ್ತು ಪೀಸ್ ಕತ್ತರಿಸಬೇಕು ಅಂತಿದ್ದೀವಿ.

ಹೋದ ವಾರ ಗುರುತಿಲ್ಲದ ನಂಬರಿಂದ ಫೋನ್ ಬಂತು. "ಡಯಾಫ್ರಮ್ ಮಾಡ್ತಿರೋ ಹುಡುಗ್ರು ನೀವೇನಾ? ನಂದೂ ಒಂದು ಗಾಡಿ ಐತೆ, ನಂಗೂ ಒಂದು ಎತ್ತಿಡಿ." ನಾವಿನ್ನೂ ಒಂದೂ ಮಾಡಿಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ. ಸರಿ ಅಂದ್ವಿ.

ಅಂಥ ಶೀಟ್ ಎಲ್ಲಿ ಸಿಗುತ್ತೆ ಅಂತ ಓದೋರಲ್ಲಿ ಯಾರಿಗಾದ್ರೂ ಗೊತ್ತಿದ್ರೆ ದಯವಿಟ್ಟು ಹೇಳಿ. ಹನ್ನೊಂದು ಬೇಕು.