ಪಾರ್ಕಿನಲ್ಲಿ ಕಂಡ ಬಿಟ್ಟಿ ಆಟ

ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದ ಮೇಷ್ಟ್ರು ನಾನು. ಹಾಗಾಗಿ 2010ರ ಜುಲೈನಲ್ಲಿ ನ್ಯೂಯಾರ್ಕಿನ ಮಗನ ಮನೆಯಲ್ಲಿದ್ದಾಗ ಅವನು, "ಅಬ್ಬಾ, ನಾಳೆ ಸೆಂಟ್ರಲ್ ಪಾರ್ಕಿನಲ್ಲಿ ಶೇಕ್ಸ್‌ಪಿಯರ್ ನಾಟಕ ನೋಡೋಣ. ದುಡ್ಡು ಕೊಡೋದೇನೂ ಬೇಡ, ಬೆಳಿಗ್ಗೆ ಆರಕ್ಕೇ ಸಾಲಿನಲ್ಲಿ ನಿಲ್ಲಬೇಕು ಅಷ್ಟೆ" ಎಂದಾಗ ನಾನು ಉತ್ಸಾಹ ತೋರಲಿಲ್ಲ. ನಾಟಕ 'ದಿ ಮರ್ಚೆಂಟ್ ಆಫ್ ವೆನಿಸ್' ಎಂದು ತಿಳಿದ ಮೇಲೆ ಮಾತ್ರ ಮನಸ್ಸು ಅತ್ತ ವಾಲಿತು.

ತೀರ್ಥಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಶಾಲಾ ವಾರ್ಷಿಕೋತ್ಸವಕ್ಕೆ ಈ ನಾಟಕದ ನ್ಯಾಯಾಲಯದ ದೃಶ್ಯವನ್ನು ನಾನೇ ಆಡಿಸುತ್ತಿದ್ದೆ. ಬಡ್ಡಿ ವ್ಯಾಪಾರಿ ಶೈಲಾಕ್ ಒಂದು ಪೌಂಡ್ ಮಾಂಸಕ್ಕಾಗಿ ಚಾಕು ಮಸೆಯುವುದು, ಪೋರ್ಷಿಯಾ ಅವನನ್ನು ಮಾತಿನಲ್ಲೇ ಕಟ್ಟಿಹಾಕುವುದು, ಅವನು ತಲೆ ತಗ್ಗಿಸಿ ಹೊರಡುವುದು. ಮಕ್ಕಳು ಶಿಳ್ಳೆ ಹೊಡೆಯುತ್ತಿದ್ದರು. ಶೈಲಾಕನಾಗುವ ಹುಡುಗನಿಗೆ ಹತ್ತಿಯ ಗಡ್ಡ ಅಂಟಿಸುತ್ತಿದ್ದೆವು. ತಲೆಗೆ ಇಡಲು ನನ್ನದೇ ಹಳೆಯ ನಮಾಝಿನ ಟೋಪಿಯೊಂದನ್ನು ಮನೆಯಿಂದ ಒಯ್ಯುತ್ತಿದ್ದೆ. ಅದರಲ್ಲಿ ತಪ್ಪೇನಾದರೂ ಇದೆ ಎಂದು ನನಗೆ ಒಮ್ಮೆಯೂ ಅನಿಸಿರಲಿಲ್ಲ.

ಫಜ್ರ್ ನಮಾಝ್ ಮುಗಿಸಿ ಹೊರಟೆವು. ಬಾಗಿಲಲ್ಲಿ ಮಗ ಸ್ವಲ್ಪ ಸಂಕೋಚದಿಂದಲೇ, "ಅಬ್ಬಾ, ಟೋಪಿ ಜೇಬಿನಲ್ಲಿರಲಿ" ಎಂದ. ಆ ಬೇಸಿಗೆಯಲ್ಲಿ ನಗರದ ಗಾಳಿ ಬಿಸಿಯಾಗಿತ್ತು. 2001ರಲ್ಲಿ ಉರುಳಿದ ಅವಳಿ ಕಟ್ಟಡಗಳ ಜಾಗದಿಂದ ಎರಡು ಬೀದಿ ಆಚೆ ಮುಸ್ಲಿಮರ ಸಾಂಸ್ಕೃತಿಕ ಕೇಂದ್ರ ಬರಬೇಕೇ ಬೇಡವೇ ಎಂಬ ಜಗಳ ಟಿ.ವಿ.ಯಲ್ಲಿ ಹಗಲಿರುಳೂ ನಡೆಯುತ್ತಿತ್ತು. ನಾನು ಏನೂ ಕೇಳದೆ ಟೋಪಿ ಮಡಚಿ ಜೇಬಿಗಿಟ್ಟೆ.

ಪಾರ್ಕಿನೊಳಗೆ ಆಗಲೇ ಉದ್ದನೆಯ ಸಾಲು. ಟಿಕೆಟ್ ಕೊಡುವುದು ಮಧ್ಯಾಹ್ನ ಒಂದಕ್ಕೆ, ಒಬ್ಬರಿಗೆ ಎರಡು. ಏಳು ಗಂಟೆ ಹೊತ್ತು ಕಾಯಲು ಜನ ಹಾಸುಬಟ್ಟೆ, ಬುತ್ತಿ, ಪುಸ್ತಕ ತಂದಿದ್ದರು. ನಮ್ಮ ಮುಂದಿದ್ದ ವೃದ್ಧೆ ತಮ್ಮ ಹಾಸಿನಲ್ಲೇ ನನಗೂ ಜಾಗ ಮಾಡಿಕೊಟ್ಟರು. ಚಿಕ್ಕಂದಿನಲ್ಲಿ ಕೊಯ್ಲಾದ ಗದ್ದೆಯಲ್ಲಿ ನೋಡಿದ ಹರಕೆ ಬಯಲಾಟ ನೆನಪಾಯಿತು. ಆಟದ ಖರ್ಚು ಹರಕೆ ಹೊತ್ತ ಮನೆಯವರದು. ನೋಡಲು ಮಾತ್ರ ಯಾರು ಬಂದರೂ ಆಯಿತು. ದೊಡ್ಡವರಿಗೆ ಮುಂದೆ ನಾಲ್ಕು ಕುರ್ಚಿ, ಉಳಿದವರಿಗೆ ಚಾಪೆ, ಗೋಣಿ. ಅಂಗಡಿ ಮುಚ್ಚಿ ಬಂದ ನನ್ನ ತಂದೆಯೂ ಅಲ್ಲೇ ಕೂತು ಬೆಳಗಿನವರೆಗೆ ನೋಡುತ್ತಿದ್ದರು. ನೀನ್ಯಾಕೆ ಬಂದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಈ ಪಾರ್ಕಿನ ಆಟದ ಹಿಂದೆ ಜೋಸೆಫ್ ಪ್ಯಾಪ್ ಎಂಬ ಒಬ್ಬ ಹಟಮಾರಿ ಇದ್ದ ಎಂಬುದನ್ನು ಆಮೇಲೆ ಓದಿ ತಿಳಿದೆ. 1921ರಲ್ಲಿ ಬ್ರೂಕ್ಲಿನ್‌ನ ಬಡ ಯಹೂದಿ ವಲಸಿಗರ ಮನೆಯಲ್ಲಿ ಹುಟ್ಟಿದವನು. ಶೇಕ್ಸ್‌ಪಿಯರ್ ಅವನಿಗೆ ದಕ್ಕಿದ್ದು ಸಾರ್ವಜನಿಕ ಗ್ರಂಥಾಲಯದಲ್ಲಿ, ಕಾಸು ಕೊಡದೆ. ಗ್ರಂಥಾಲಯದ ಪುಸ್ತಕದ ಹಾಗೆ ನಾಟಕವೂ ಎಲ್ಲರ ಕೈಗೆ ಸಿಗಬೇಕೆಂಬುದು ಅವನ ವಾದ. 1954ರಲ್ಲಿ ತಂಡ ಕಟ್ಟಿದ. 1957ರಲ್ಲಿ ಲಾರಿಯ ಮೇಲೆ ರಂಗಮಂಚ ಹೇರಿಕೊಂಡು ನಗರದ ಪಾರ್ಕುಗಳಿಗೆ ಹೋದ. 1959ರಲ್ಲಿ ಪಾರ್ಕುಗಳ ಆಯುಕ್ತ ರಾಬರ್ಟ್ ಮೋಸಸ್, ಜನ ತುಳಿದು ಹುಲ್ಲು ಹಾಳಾಗುತ್ತದೆ, ಅದರ ಖರ್ಚಿಗೆ ಟಿಕೆಟ್ ಇಡಬೇಕು ಎಂದು ಪಟ್ಟು ಹಿಡಿದರು. ಪ್ಯಾಪ್ ಒಪ್ಪಲಿಲ್ಲ, ಕೋರ್ಟಿಗೆ ಹೋದ, ಮೇಲ್ಮನವಿಯಲ್ಲಿ ಗೆದ್ದ. 1962ರಲ್ಲಿ ಅದೇ ಪಾರ್ಕಿನಲ್ಲಿ ಡೆಲಕಾರ್ಟ್ ಎಂಬ ಬಯಲು ರಂಗಮಂದಿರ ಎದ್ದಿತು. ಮೊದಲ ನಾಟಕ ಯಾವುದು ಗೊತ್ತೇ? ಇದೇ ಮರ್ಚೆಂಟ್ ಆಫ್ ವೆನಿಸ್. ಅದನ್ನು ಟಿ.ವಿ.ಯಲ್ಲಿ ತೋರಿಸಬಾರದೆಂದು ಯಹೂದಿ ಧರ್ಮಗುರುಗಳು ಪ್ರತಿಭಟಿಸಿದರು. ಯಹೂದಿಯಾದ ಪ್ಯಾಪ್ ಹಿಂದೆ ಸರಿಯಲಿಲ್ಲ. ಗುರುಗಳ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ಶಿಳ್ಳೆ ಹೊಡೆಸಿದವನು ನಾನೇ ಅಲ್ಲವೇ?

ರಾತ್ರಿ ಎಂಟಕ್ಕೆ ಆಟ ಶುರುವಾಯಿತು. ಸುಮಾರು 1,800 ಆಸನಗಳ ಅರ್ಧವೃತ್ತ, ಮೇಲೆ ಆಕಾಶ, ಹಿಂದೆ ಮರಗಳು. ಶೈಲಾಕನಾಗಿ ಅಲ್ ಪಚೀನೊ, ನಿರ್ದೇಶನ ಡೇನಿಯಲ್ ಸಲಿವನ್ ಅವರದು. ನ್ಯಾಯಾಲಯದ ದೃಶ್ಯ ಬಂದಾಗ ಅಭ್ಯಾಸಬಲದಿಂದ ನಗುವಿಗೆ ಕಾದೆ. ನಗುವುದಕ್ಕೆ ಅಲ್ಲೇನೂ ಇರಲಿಲ್ಲ. ಶೈಲಾಕ್ ಮತಾಂತರವಾಗಬೇಕೆಂಬುದೂ ಆ ತೀರ್ಪಿನ ಷರತ್ತು. ನನ್ನ ಶಾಲೆಯ ರಂಗದಲ್ಲಿ ಅದು ಚಪ್ಪಾಳೆಯ ನಡುವೆ ಕೊಚ್ಚಿಹೋಗುತ್ತಿದ್ದ ಒಂದು ಸಾಲು. ಇಲ್ಲಿ ನಿರ್ದೇಶಕರು ಮೂಲದಲ್ಲಿಲ್ಲದ, ಮಾತಿಲ್ಲದ ಒಂದು ದೃಶ್ಯ ಸೇರಿಸಿದ್ದರು. ಅವನನ್ನು ಹಿಡಿದು ನೀರಿನಲ್ಲಿ ಮುಳುಗಿಸಿ ದೀಕ್ಷೆ ಕೊಡುತ್ತಾರೆ. ತೊಯ್ದ ಮುದುಕ ಮೇಲೆದ್ದು ತನ್ನ ಚಿಕ್ಕ ಟೋಪಿಯನ್ನು ಹುಡುಕಿ ಮತ್ತೆ ತಲೆಗೆ ಇಟ್ಟುಕೊಳ್ಳುತ್ತಾನೆ.

ನನ್ನ ಕೈ ಜೇಬಿಗೆ ಹೋಯಿತು. ಟೋಪಿ ಹೊರತೆಗೆಯಲಿಲ್ಲ, ಸುಮ್ಮನೆ ಹಿಡಿದುಕೊಂಡೆ. ಬಯಲಲ್ಲಿ ಒಂದು ಕೆಮ್ಮೂ ಇರಲಿಲ್ಲ. ಎಷ್ಟು ವರ್ಷ, ಎಷ್ಟು ಹುಡುಗರ ತಲೆಯ ಮೇಲೆ ನನ್ನದೇ ಟೋಪಿ ಇಟ್ಟು ನಾನು ಜನರನ್ನು ನಗಿಸಿದ್ದೆ!

ಈ ವ್ಯವಸ್ಥೆಯಲ್ಲಿ ಕೊರತೆ ಇಲ್ಲವೆಂದಲ್ಲ. ದೇಣಿಗೆ ಕೊಟ್ಟವರಿಗೆ ಕಾಯ್ದಿಟ್ಟ ಆಸನಗಳಿವೆ. ಹಣ ಕೊಟ್ಟು ಬೇರೆಯವರನ್ನು ಸಾಲಿನಲ್ಲಿ ನಿಲ್ಲಿಸಿದವರೂ ಉಂಟು. ನಮ್ಮ ಗದ್ದೆಯ ನಾಲ್ಕು ಕುರ್ಚಿಗಳ ಹಾಗೆ. ಆದರೂ ಆ ರಾತ್ರಿ ನನಗೆ ಒಂದು ಮಾತು ಸ್ಪಷ್ಟವಾಯಿತು. ದುಡ್ಡು ಕೊಟ್ಟು ಒಳಗೆ ಹೋಗುವ ಜಾಗದಲ್ಲಿ ನಾನು ಗಿರಾಕಿ. ಪಾರ್ಕಿನ ಆಟದಲ್ಲಿ ನಾನು ಊರಿನವರಲ್ಲಿ ಒಬ್ಬ. ಯಾರು ಒಳಗಿನವರು, ಯಾರು ಹೊರಗಿನವರು ಎಂದು ಕೇಳುವ ನಾಟಕವನ್ನು ಹಾಗೆ ಕೂತೇ ನೋಡಬೇಕು.

ಮರಳುವಾಗ ರೈಲಿನಲ್ಲಿ ಮಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಎ.ಸಿ. ಗಾಳಿ ತಲೆಗೆ ಹೊಡೆಯುತ್ತೆ ಅಬ್ಬಾ, ಟೋಪಿ ಹಾಕ್ಕೊಳ್ಳಿ" ಎಂದ. ಹಾಕಿಕೊಂಡೆ.

ಪ್ಯಾಪ್ 1991ರಲ್ಲೇ ತೀರಿಕೊಂಡ. ಅವನ ರಂಗಮಂದಿರ ದುರಸ್ತಿಗೆಂದು ಮುಚ್ಚಿದ್ದು, 2025ರ ಆಗಸ್ಟ್‌ನಲ್ಲಿ 'ಟ್ವೆಲ್ಫ್ತ್ ನೈಟ್' ನಾಟಕದೊಂದಿಗೆ ಮತ್ತೆ ತೆರೆಯಿತು. ಪ್ರವೇಶ ಈಗಲೂ ಉಚಿತ.

ನನ್ನ ಹಳೆಯ ಶೈಲಾಕರು ಆಗಾಗ ಪೇಟೆಯಲ್ಲಿ ಸಿಗುತ್ತಾರೆ. "ಸಾರ್, ಆ ಹತ್ತಿಯ ಗಡ್ಡ ನೆನಪಿದೆಯಾ?" ಎಂದು ನಗುತ್ತಾರೆ. ನೆನಪಿದೆಯಪ್ಪ, ಕೂತ್ಕೋ ಎಂದು ಈ ಕತೆಯನ್ನು ಹೇಳುತ್ತೇನೆ.